ಡ್ರಿಪ್ ಪೈಪು ಎರಡೇ ಬೇಸಿಗೆಗೆ ಸೀಳಿದರೆ ಹೇಗೆ?

ಮಾನ್ಯ ಸಂಪಾದಕರೇ,

ಟೊಮೆಟೊ ತೋಟಕ್ಕೆ ಹಾಕಿದ 16 ಎಂಎಂ ಡ್ರಿಪ್ ಪೈಪುಗಳು ಎರಡೇ ಬೇಸಿಗೆಗೆ ಸೀಳು ಬಿಟ್ಟಿವೆ. ಅದೂ ಎಲ್ಲಿ? ಸಾಲಿನ ಕೊನೆಯಲ್ಲಿ ಪೈಪನ್ನು ಮಡಚಿ ಎಂಟರ ಆಕಾರದ ಕ್ಲಿಪ್ ಹಾಕುತ್ತೇವಲ್ಲ, ಸರಿಯಾಗಿ ಆ ಮಡಿಕೆಯಲ್ಲೇ. ಬೆರಳಲ್ಲಿ ಒತ್ತಿದರೆ ಒಣ ತೆಂಗಿನ ಗರಿಯ ಹಾಗೆ ಚಟ್ ಅನ್ನುತ್ತದೆ.

ಪೈಪು ಬಗ್ಗಬೇಕು, ಸೀಳಬಾರದು. ಒಂದೇ ಪ್ಲಾಸ್ಟಿಕ್‌ನಿಂದ ಇವೆರಡೂ ಸಿಗುವುದು ಕಷ್ಟ. ಪೈಪಿಗೆ ಬಳಸುವ ಪಾಲಿಥೀನ್ ಪ್ಲಾಸ್ಟಿಕ್‌ನಲ್ಲಿ ಎಲ್‌ಡಿಪಿಇ, ಎಲ್‌ಎಲ್‌ಡಿಪಿಇ, ಎಚ್‌ಡಿಪಿಇ ಎಂಬ ಬಗೆಗಳಿವೆ. ಎಲ್‌ಡಿಪಿಇ ಮೆತ್ತಗಿರುತ್ತದೆ, ಯಂತ್ರದಲ್ಲಿ ಸಲೀಸಾಗಿ ಪೈಪಾಗುತ್ತದೆ, ಆದರೆ ಮಡಚಿ ಬಿಗಿದ ಜಾಗದಲ್ಲಿ ಗೊಬ್ಬರದ ನೀರು, ಬಿಸಿಲು ಸೇರಿ ಬೇಗ ಬಿರುಕು ಬರುತ್ತದೆ. ಎಲ್‌ಎಲ್‌ಡಿಪಿಇ ಆ ಬಿರುಕನ್ನು ಚೆನ್ನಾಗಿ ತಡೆಯುತ್ತದೆ. ಎಚ್‌ಡಿಪಿಇ ಗಟ್ಟಿ, ಆದರೆ ಸುರುಳಿ ಬಿಚ್ಚಿ ಎಳೆಯುವುದೇ ಸಾಹಸ. ಹಾಗಾಗಿ ಇವನ್ನು ಹದವಾಗಿ ಬೆರೆಸಬೇಕು, ಜೊತೆಗೆ ಬಿಸಿಲು ತಡೆಯಲು ನೂರಕ್ಕೆ ಸುಮಾರು 2.5 ಪಾಲು ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಪುಡಿ ಎಲ್ಲ ಕಡೆ ಸಮನಾಗಿ ಹರಡಿರಬೇಕು. ಸುಮ್ನೆ ಕಪ್ಪಗಿದ್ದರೆ ಸಾಲದು. ಹಳೆ ಪ್ಲಾಸ್ಟಿಕ್ ಕರಗಿಸಿ ಮಾಡಿದ ಪೈಪೂ ಕಪ್ಪಗೇ ಇರುತ್ತದೆ, ಅಂಗಡಿಯಲ್ಲಿ ನೋಡಿ ಹೇಳುವುದು ರೈತನಿಗೆ ಆಗದ ಮಾತು, ಅಲ್ವಾ?

ಡ್ರಿಪ್ ಪೈಪಿಗೆ ಐಎಸ್ 12786 ಎಂಬ ಭಾರತೀಯ ಮಾನದಂಡ ಇದೆ. ಮೈಸೂರಿನಲ್ಲೇ ಸಿಪೆಟ್ ಎಂಬ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆಯ ಕೇಂದ್ರವಿದೆ. ಆ ಕೇಂದ್ರದವರು ನಮ್ಮ ಬಯಲುಸೀಮೆಯ ಬಿಸಿಲಿಗೆ, ಬೋರ್‌ವೆಲ್‌ನ ಗಡಸು ನೀರಿಗೆ ಯಾವ ಮಿಶ್ರಣ ಜಾಸ್ತಿ ಬಾಳುತ್ತದೆ ಅಂತ ತೋಟದಲ್ಲೇ ಹಾಕಿ ಪರೀಕ್ಷೆ ಮಾಡಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಲಿ. ಸಬ್ಸಿಡಿ ಪೈಪುಗಳಿಂದ ಒಂದೊಂದು ತುಂಡು ತೆಗೆದು ಪರೀಕ್ಷೆಗೆ ಕಳಿಸುವ ಕೆಲಸವನ್ನು ತೋಟಗಾರಿಕೆ ಇಲಾಖೆ ಈ ಬೇಸಿಗೆಗೆ ಮುಂಚೆಯೇ ಶುರು ಮಾಡಲಿ.

– ಒಬ್ಬ ರೈತ, ಚಿಕ್ಕಬಳ್ಳಾಪುರ ಜಿಲ್ಲೆ