ರಸಮೇವಿಗೆ ಗಾಳಿಯೇ ಶತ್ರು

ಮಾನ್ಯ ಸಂಪಾದಕರಿಗೆ,

ಹಸಿರು ಮೇವನ್ನು ಕತ್ತರಿಸಿ, ಗುಂಡಿಯಲ್ಲಿ ಗಾಳಿಯಾಡದಂತೆ ತುಳಿದು ಮುಚ್ಚಿ, ಹುಳಿ ಬರಿಸಿ ಕಾಪಿಡುವ ರಸಮೇವಿನ (ಸೈಲೇಜ್) ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಯಾವ ಬೆಳೆ, ಯಾವ ಯಂತ್ರ, ಯಾವ ಚೀಲ ಎಂಬುದನ್ನು ವಿವರವಾಗಿ ತಿಳಿಸುತ್ತವೆ. ಆದರೆ ಗುಂಡಿಯೊಳಗೆ ಉಳಿದುಬಿಡುವ ಗಾಳಿಯ ಬಗ್ಗೆ ಅವುಗಳಲ್ಲಿ ಒಂದೆರಡು ಸಾಲಿಗಿಂತ ಹೆಚ್ಚು ಇರುವುದಿಲ್ಲ. ಹೈನುಗಾರಿಕೆಯನ್ನೇ ನಂಬಿದ ನಾನು ಕಂಡಂತೆ ಮೇವು ಕೆಡುವುದು ಬಹುಪಾಲು ಆ ಗಾಳಿಯಿಂದಲೇ.

ನಾವು ಮೊದಲ ಸಲ ಗುಂಡಿ ತುಂಬಿದಾಗ ಆಳುಗಳು ಸಾಲದೆ ಕೆಲಸ ಐದು ದಿನ ಎಳೆಯಿತು. ನಡುಭಾಗವನ್ನು ಚೆನ್ನಾಗಿ ತುಳಿಸಿದೆವು, ಗೋಡೆಯ ಅಂಚನ್ನು ಗಮನಿಸಲಿಲ್ಲ. ಎರಡು ತಿಂಗಳ ಬಳಿಕ ಹೊದಿಕೆ ತೆಗೆದಾಗ ಗೋಡೆಗುಂಟ ಒಂದು ಗೇಣಿನಷ್ಟು ಮೇವು ಕಪ್ಪಾಗಿ ಬೂಸ್ಟು ಹಿಡಿದಿತ್ತು. ಅದೇ ಹೊಲದ ಮೇವು ನಡುವೆ ಮಾತ್ರ ಹಳದಿ ಬೆರೆತ ಹಸಿರು ಬಣ್ಣದಲ್ಲಿದ್ದು, ಹಿತವಾದ ಹುಳಿ ವಾಸನೆ ಬೀರುತ್ತಿತ್ತು. ಗಾಳಿ ಇಲ್ಲದ ಕಡೆ ಲ್ಯಾಕ್ಟಿಕ್ ಆಮ್ಲ ಉಂಟುಮಾಡುವ ಸೂಕ್ಷ್ಮಜೀವಿಗಳು ಮೇವಿನ ಸಕ್ಕರೆಯನ್ನು ಹುಳಿಯಾಗಿಸಿ, ಅದರ ಪಿಎಚ್ ಅನ್ನು (ಹುಳಿಯ ಅಳತೆ; ಇದು ಇಳಿದಷ್ಟೂ ಹುಳಿ ಹೆಚ್ಚು) 4ರ ಆಸುಪಾಸಿಗೆ ಇಳಿಸುತ್ತವೆ. ಆ ಹುಳಿಯೇ ಮೇವನ್ನು ಕಾಯುತ್ತದೆ. ಗಾಳಿ ಉಳಿದ ಕಡೆ ಅದೇ ಸಕ್ಕರೆ ಉರಿದು ಮೇವು ಬಿಸಿಯಾಗುತ್ತದೆ, ಆಮೇಲೆ ಬೂಸ್ಟು ಬೆಳೆಯುತ್ತದೆ.

ತುಳಿತ ಚೆನ್ನಾಗಿ ಕೂಡಬೇಕಾದರೆ ಕಟಾವಿನ ಹದ ಸರಿಯಿರಬೇಕು. ಮುಸುಕಿನ ಜೋಳದ ತೆನೆಯನ್ನು ನಡುವೆ ಮುರಿದು ನೋಡಿದಾಗ ಕಾಳಿನ ಮೇಲರ್ಧ ಗಟ್ಟಿಯಾಗಿ ಕೆಳಗರ್ಧ ಇನ್ನೂ ಹಾಲಿನಂತಿದ್ದರೆ, ಬೆಳೆಯಲ್ಲಿ ಒಣ ಅಂಶ (ನೀರು ಬಿಟ್ಟು ಉಳಿಯುವ ಭಾಗ) ಸುಮಾರು ಶೇ 30ರಿಂದ 35ರಷ್ಟಿರುತ್ತದೆ; ಅದೇ ಕಟಾವಿನ ಹದ. ಒಂದರಿಂದ ಎರಡು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿದ ಮೇವನ್ನು ಒಂದು ಹಿಡಿ ತೆಗೆದುಕೊಂಡು ಅರ್ಧ ನಿಮಿಷ ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಲ್ಲಿ ರಸ ತೊಟ್ಟಿಕ್ಕಿದರೆ ನೀರು ಹೆಚ್ಚಾಯಿತು, ಕೈ ಬಿಟ್ಟೊಡನೆ ಉದುರಿಹೋದರೆ ಒಣಗಿದ್ದು ಹೆಚ್ಚಾಯಿತು. ಉಂಡೆ ಮೆಲ್ಲಗೆ ಬಿಚ್ಚಿಕೊಂಡು ಅಂಗೈಯಲ್ಲಿ ಪಸೆಯನ್ನಷ್ಟೇ ಉಳಿಸಿದರೆ ತುಂಬಲು ಅದೇ ಸರಿಯಾದ ಹೊತ್ತು. ನೀರು ಹೆಚ್ಚಿದ ಮೇವು ಕೊಳೆತ ಬೆಣ್ಣೆಯಂತೆ ನಾರುತ್ತದೆ, ದನಗಳು ಅದಕ್ಕೆ ಮೂತಿ ಹಾಕಲೂ ಹಿಂಜರಿಯುತ್ತವೆ. ಒಣಗಿದ ಮೇವು ಎಷ್ಟು ತುಳಿದರೂ ಪುಟಿಯುತ್ತಲೇ ಇರುತ್ತದೆ.

ಗೇಣಿಗಿಂತ ದಪ್ಪ ಪದರ ಹಾಕದೆ, ಪ್ರತಿ ಪದರವನ್ನೂ ಅಂಚಿನಿಂದಲೇ ತುಳಿಯುತ್ತ ಬಂದು, ಸಾಧ್ಯವಾದಷ್ಟು ಬೇಗ ತುಂಬಿ ಮುಗಿಸಿ, ಆ ದಿನವೇ ಪ್ಲಾಸ್ಟಿಕ್ ಹಾಳೆ ಹೊದಿಸಿ ಮೇಲೆ ಒತ್ತೊತ್ತಾಗಿ ಭಾರ ಹೇರಬೇಕು. ಹಾಳೆಯಲ್ಲಿ ಇಲಿಯೋ ಹಕ್ಕಿಯೋ ಮಾಡಿದ ತೂತನ್ನು ಕಂಡಂದೇ ಮುಚ್ಚಬೇಕು.

ಇಷ್ಟೆಲ್ಲ ಮಾಡಿದವರೂ ಗುಂಡಿ ತೆರೆದ ಮೇಲೆ ಎಡವುತ್ತಾರೆ. ಸುಮಾರು 45 ದಿನಗಳ ಬಳಿಕ ತೆರೆದ ಗುಂಡಿಗೆ ಮತ್ತೆ ಗಾಳಿ ತಾಗುತ್ತದೆ. ಆದ್ದರಿಂದ ಮೇವನ್ನು ಮೇಲಿಂದ ಕೆಳಗಿನವರೆಗೆ ನೇರವಾಗಿ ಕಡಿದು, ಪ್ರತಿದಿನ ಆ ಮುಖ ಗೇಣಿನಷ್ಟಾದರೂ ಹಿಂದೆ ಸರಿಯುವಂತೆ ತೆಗೆಯಬೇಕು. ನಾಲ್ಕು ದನ ಇರುವವರು ಅಗಲವಾದ ಗುಂಡಿ ತೋಡಿದರೆ ಇದು ಸಾಧ್ಯವೇ ಇಲ್ಲ. ಗುಂಡಿಯ ಅಗಲವನ್ನು ಹೊಲದ ವಿಸ್ತಾರ ನೋಡಿ ಅಲ್ಲ, ಕೊಟ್ಟಿಗೆಯ ದನಗಳನ್ನು ಎಣಿಸಿ ನಿರ್ಧರಿಸಬೇಕು. ಬೂಸ್ಟು ಹಿಡಿದದ್ದನ್ನು ಒಳ್ಳೆಯದರ ಜೊತೆ ಬೆರೆಸಿ ಹಾಕುವುದಂತೂ ಬೇಡವೇ ಬೇಡ. ಕೆಟ್ಟ ರಸಮೇವಿನಲ್ಲಿ ಬೆಳೆಯುವ ಲಿಸ್ಟೀರಿಯಾ ರೋಗಾಣುವಿನಿಂದ ಗಬ್ಬದ ಕುರಿ, ಹಸುಗಳಿಗೆ ಗರ್ಭಪಾತವಾಗಬಹುದು.

ತಮ್ಮ ಕೃಷಿ ಪುಟದಲ್ಲಿ ಮುಂದಿನ ಬಾರಿ ರಸಮೇವಿನ ಲೇಖನ ಬಂದಾಗ, ತುಳಿತಕ್ಕೂ ಗುಂಡಿ ತೆರೆದ ನಂತರದ ದಿನಗಳಿಗೂ ಅರ್ಧದಷ್ಟಾದರೂ ಜಾಗ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಹೈನುಗಾರ