ಹಳೇ ಕ್ಯಾಶ್ ಬುಕ್ಕು ರದ್ದಿಯಲ್ಲ

ಮಾನ್ಯ ಸಂಪಾದಕರೇ,

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಅದರ ಕೈಯಲ್ಲಿದ್ದದ್ದು ಎರಡೇ ಕಾಲೇಜು: ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು. ಮಹಾರಾಜ ಕಾಲೇಜಿನ ಮಾತು ಬಂದರೆ ರಾಧಾಕೃಷ್ಣನ್, ಕುವೆಂಪು ಹೆಸರು ಹೇಳಿ ಹೆಮ್ಮೆಪಡುತ್ತೇವೆ. ಸರಿಯೇ. ಆದರೆ ಆ ಕಾಲದ ಫೀಸಿನ ರಿಜಿಸ್ಟರು, ಸಂಬಳದ ಪಟ್ಟಿ, ಕ್ಯಾಶ್ ಬುಕ್ಕುಗಳನ್ನು ಕೇಳುವವರು ಎಷ್ಟು ಜನ?

ಫೀಸು ಯಾರಿಗೆ ಮಾಫಿ ಆಯಿತು, ಜವಾನನಿಗೂ ಪ್ರೊಫೆಸರಿಗೂ ಸಂಬಳದಲ್ಲಿ ಎಷ್ಟು ಅಂತರವಿತ್ತು ಎಂಬುದೆಲ್ಲ ಇಂಥ ಪುಸ್ತಕಗಳಲ್ಲೇ ಇರುತ್ತದೆ. ಹಿಂದುಳಿದವರಿಗೆ ಅವಕಾಶ ಕೊಡಲು 1918ರಲ್ಲಿ ಮಿಲ್ಲರ್ ಸಮಿತಿ ಬಂತು ಅಂತ ಎಲ್ಲರೂ ಹೇಳುತ್ತಾರೆ. ಅದಾದ ಮೇಲೆ ಅವರ ಮಕ್ಕಳು ನಿಜಕ್ಕೂ ಎಷ್ಟು ಜನ ಕಾಲೇಜು ಮೆಟ್ಟಿಲು ಹತ್ತಿದರು? ಶತಮಾನೋತ್ಸವದ ಭಾಷಣದಲ್ಲಿ ಇದು ಸಿಗಲ್ಲ, ದಾಖಲಾತಿ ಪುಸ್ತಕದಲ್ಲಿ ಹುಡುಕಬೇಕು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಕಿಂಗ್ಸ್ ಹಾಲ್ ಎಂಬ ಕಾಲೇಜು 1546ರಲ್ಲೇ ಟ್ರಿನಿಟಿ ಕಾಲೇಜಿನಲ್ಲಿ ಸೇರಿಹೋಯಿತು. ಆದರೂ ಅದರ 1337ರಿಂದ 1544ರವರೆಗಿನ ಲೆಕ್ಕದ 26 ಸಂಪುಟ ಟ್ರಿನಿಟಿಯಲ್ಲಿವೆ. ಊಟದ ಖರ್ಚು ಕೂಡ ಬಿಟ್ಟಿಲ್ಲ! ನಮ್ಮದು ನೂರು ಚಿಲ್ಲರೆ ವರ್ಷದ ಲೆಕ್ಕ, ಅಷ್ಟೂ ಕಾಪಾಡಲು ಆಗಲ್ವಾ?

ಆಡಿಟ್ ಮುಗಿಯಿತು, ಜಾಗ ಸಾಲದು ಅಂತ ಯಾವುದೇ ಹಳೆಯ ಕಾಲೇಜು ಇವನ್ನು ತೂಕಕ್ಕೆ ಹಾಕಬಾರದು. ಮೊದಲು ಪಟ್ಟಿ ಮಾಡಲಿ, ರಾಜ್ಯ ಪತ್ರಾಗಾರ ಇಲಾಖೆಯವರಿಗೆ ತೋರಿಸಲಿ. ಸ್ಕ್ಯಾನಿಂಗ್ ಆಮೇಲೆ ನೋಡೋಣ. ಸದ್ಯಕ್ಕೆ ಗೆದ್ದಲು ಹತ್ತದ ಒಂದು ಕಬ್ಬಿಣದ ಬೀರು ಕೊಟ್ಟರೂ ಸಾಕು.

– ನಿವೃತ್ತ ಗುಮಾಸ್ತ, ಮೈಸೂರು