ಹಣ ಹೋದರೆ ಮನೆಯಲ್ಲಿ ಮುಚ್ಚಿಡಬೇಡಿ

ಆತ್ಮೀಯ ಪೋಷಕರೇ,

ನಮಸ್ಕಾರ. ಕಳೆದ ವಾರ ಎಂಟನೆಯ ತರಗತಿಯ ಹುಡುಗನೊಬ್ಬನ ತಾಯಿ ನನ್ನ ಕೊಠಡಿಗೆ ಬಂದು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದರು. ಶುಲ್ಕಕ್ಕೆಂದು ಕೂಡಿಟ್ಟಿದ್ದ ಹದಿನಾಲ್ಕು ಸಾವಿರ ರೂಪಾಯಿ ಖಾತೆಯಿಂದ ಹೋಗಿತ್ತು. ಮಗನಿಗೆ ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ಯಾರೋ ಅಚ್ಚಗನ್ನಡದಲ್ಲಿ ಕರೆ ಮಾಡಿದ್ದ. ಹುಡುಗನ ಹೆಸರು, ತರಗತಿ ಎರಡನ್ನೂ ಸರಿಯಾಗಿಯೇ ಹೇಳಿದ್ದ. ವಾಟ್ಸ್‌ಆ್ಯಪ್‌ಗೆ ಕ್ಯೂಆರ್ ಕೋಡ್ ಕಳುಹಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಜಮೆಯಾಗುತ್ತದೆ ಎಂದ. ಅವರು ಒತ್ತಿದರು.

ದಯವಿಟ್ಟು ನೆನಪಿಡಿ: ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗ. ಪಡೆಯಲು ಬೇಡವೇ ಬೇಡ.

ಹಣ ಹೋದದ್ದಕ್ಕಿಂತ ನನಗೆ ಹೆಚ್ಚು ಸಂಕಟವಾದದ್ದು ಇನ್ನೊಂದು. ಇದು ನಡೆದು ನಾಲ್ಕು ದಿನವಾಗಿತ್ತು. ಬೈಗುಳಕ್ಕೆ ಹೆದರಿ ಆ ತಾಯಿ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. (ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.) ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಇನ್ನೂ ಹೊರತೆಗೆಯದೆ ಉಳಿದಿರುವಷ್ಟನ್ನು ಬ್ಯಾಂಕುಗಳು ತಡೆಹಿಡಿಯಲು ಸಾಧ್ಯವಿದೆ. ನಾಲ್ಕು ದಿನ ಕಳೆದ ಮೇಲೆ ತಡೆಯಲು ಉಳಿಯುವುದು ಬಹಳ ಕಡಿಮೆ.

ಮೋಸಗಾರರ ವೇಷ ತಿಂಗಳಿಗೊಂದು. ಇಂದು ರಾತ್ರಿಯೇ ವಿದ್ಯುತ್ ಕಡಿತ ಎಂದು ಬೆಸ್ಕಾಂ ಹೆಸರಿನಲ್ಲಿ ಸಂದೇಶ, ಸಂಚಾರ ದಂಡದ ಚಲನ್ ಎಂದು ಎಪಿಕೆ ಕಡತ (ಫೋನಿನಲ್ಲಿ ಆ್ಯಪ್ ಕೂರಿಸುವ ಕಡತ), ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ ಎಂಬ ಬೆದರಿಕೆ. ಆದರೆ ಮಾತು ಹೆಚ್ಚುಕಡಿಮೆ ಒಂದೇ: ಕರೆ ಕಡಿಯಬೇಡಿ, ಯಾರಿಗೂ ಹೇಳಬೇಡಿ. ಸಮವಸ್ತ್ರ ತೊಟ್ಟವನು ವಿಡಿಯೊ ಕರೆಯಲ್ಲಿ ನಿಮ್ಮನ್ನು ಗಂಟೆಗಟ್ಟಲೆ ಕೂರಿಸಿದರೂ ಅಂಜಬೇಡಿ. 'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲ. ಮನೆಯಲ್ಲಿ ಒಂಟಿಯಾಗಿರುವ ಅಜ್ಜ ಅಜ್ಜಿಯರಿಗೆ ಇದನ್ನು ಪಕ್ಕದಲ್ಲಿ ಕುಳಿತು ಬಿಡಿಸಿ ಹೇಳಿ. ನಿವೃತ್ತಿಯ ಗಂಟಿರುವುದು ಅವರ ಖಾತೆಯಲ್ಲಿ.

ಕಾಲೇಜಿಗೆ ಹೋಗುವ ಹಿರಿಯ ಮಕ್ಕಳಿರುವ ಮನೆಗಳಿಗೆ ಇನ್ನೊಂದು ಮಾತು. ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಟ್ಟರೆ ತಿಂಗಳಿಗೆ ಇಷ್ಟು ಎಂದು ಆಸೆ ತೋರಿಸುವವರಿದ್ದಾರೆ. ಬೇರೆಯವರಿಂದ ದೋಚಿದ ಹಣ ಸಾಗುವುದು ಇಂಥ ಬಾಡಿಗೆ ಖಾತೆಗಳ ಮೂಲಕವೇ. ಪೊಲೀಸರು ಮೊದಲು ಬಾಗಿಲು ತಟ್ಟುವುದು ಖಾತೆದಾರನ ಮನೆಯದು. ಏನೂ ತಿಳಿಯದ ಹದಿನೆಂಟರ ಹುಡುಗನ ಬದುಕಿಗೆ ಆ ಕಲೆ ಅಂಟುವುದನ್ನು ನಾನು ಸಹಿಸಲಾರೆ.

ನಮ್ಮ ಶಾಲೆ ಶುಲ್ಕಕ್ಕಾಗಿ ಲಿಂಕ್ ಕಳುಹಿಸುವುದಿಲ್ಲ, ಶಿಕ್ಷಕರ ಖಾಸಗಿ ಸಂಖ್ಯೆಗೆ ಹಣ ಹಾಕಿಸುವುದಿಲ್ಲ. ಕಚೇರಿಯಲ್ಲಿ ಕಟ್ಟಿ, ರಸೀದಿ ಪಡೆಯಿರಿ.

ಚಿತ್ರಕಲೆಯ ಅವಧಿಯಲ್ಲಿ ಮಕ್ಕಳು 1930 ಎಂದು ದೊಡ್ಡದಾಗಿ ಬರೆದ ಚೀಟಿ ಮಾಡಿದ್ದಾರೆ. ಇಂದು ಮನೆಗೆ ತರುತ್ತಾರೆ. ಎಲ್ಲರ ಕಣ್ಣಿಗೆ ಬೀಳುವ ಕಡೆ ಅಂಟಿಸಿ. ಆ ತಾಯಿಯ ಜೊತೆ ನಾನೇ ಸೈಬರ್ ಅಪರಾಧ ಠಾಣೆಗೆ ಹೋಗಿ ದೂರು ಕೊಡಿಸಿ ಬಂದಿದ್ದೇನೆ. ಅವರ ಮಗನ ಶುಲ್ಕಕ್ಕೆ ಶಾಲೆ ಕಾಯುತ್ತದೆ. ನಿಮ್ಮಲ್ಲಿ ಯಾರಿಗೇ ಹೀಗಾಗಿದ್ದರೂ ನಿಮಗಾಗಿಯೂ ಕಾಯುತ್ತದೆ. ಬಂದು ಹೇಳಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಬೆಂಗಳೂರು